ಹಿಂದಿನ ಸೀಟಿನ ಭಾರ

ಬಂಟ್ವಾಳ
3-9-1995

ಮಗ ನಿಝಾಮುದ್ದೀನನಿಗೆ ಉಮ್ಮ ಬರೆಯುವುದು.

ನಾವು ಕ್ಷೇಮ ಎಂದು ಪ್ರತಿ ಕಾಗದದಲ್ಲೂ ಮೊದಲು ಬರೆಯುತ್ತೇನೆ. ಈ ಸಲ ಅದಕ್ಕಿಂತ ದೊಡ್ಡ ಸುದ್ದಿ ಉಂಟು. ನಿನ್ನ ತಂಗಿ ರಶೀನಾ ಮತ್ತೆ ಬಸುರಿ. ಮೂರನೇ ತಿಂಗಳು. ಹಿಂದಿನ ಎರಡು ಸಲ ಏನಾಯಿತೆಂದು ನಿನಗೆ ಗೊತ್ತು. ಅದನ್ನು ಮತ್ತೆ ಬರೆಯಲು ನನಗೆ ಕೈ ಬಾರದು.

ಬೆಳ್ತಂಗಡಿಯ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ಏಳನೇ ತಿಂಗಳ ತನಕ ಅವಳು ಗಂಡನ ಮನೆಯಲ್ಲೇ ಮಲಗಿರಬೇಕು. ಆಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹತ್ತಿರವಾಗುವ ಹಾಗೆ ನಮ್ಮಲ್ಲಿಗೆ ಬರಬೇಕು. ಒಂದೇ ಪ್ರಯಾಣ, ಅದೂ ಕುಲುಕದ ಹಾಗೆ. "ನಿಮ್ಮದು ಯಾವ ಗಾಡಿ ಅಮ್ಮ?" ಎಂದು ಕೇಳಿದರು. "ಲ್ಯಾಂಡ್‌ಮಾಸ್ಟರ್" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಅದು ಇನ್ನೂ ಉಂಟಾ?" ಎಂದರು. ಇದೆ ಎಂದೆ. ಅದರ ಹಿಂದಿನ ಚಕ್ರದ ಮೇಲೆ ಕುಲುಕು ತಡೆಯುವ ಸ್ಪ್ರಿಂಗ್ ಪ್ಲೇಟುಗಳಲ್ಲಿ ಒಂದು ತುಂಡಾಗಿದೆ, ಗಾಡಿ ಎಡಕ್ಕೆ ವಾಲುತ್ತದೆ ಎಂದು ಹೇಳಲಿಲ್ಲ. ಡಾಕ್ಟರಿಗೆ ರೋಗಿಯ ವಿಷಯ ಗೊತ್ತಿದ್ದರೆ ಸಾಕು.

ಅಳಿಯನ ಮನೆಯ ಜೀಪಿನಲ್ಲಿ ಕೂತರೆ ಗಟ್ಟಿ ಗಂಡಸಿನ ಸೊಂಟವೂ ಕಳಚುತ್ತದೆ. ಬಾಡಿಗೆಗೆ ವ್ಯಾನು ತರುವ ಎಂದು ನಿನ್ನ ತಮ್ಮ ಫಯಾಝ್ ಹೇಳುತ್ತಾನೆ. ಈ ಮನೆಯ ಹೆಣ್ಣುಮಕ್ಕಳೆಲ್ಲ ಚೊಚ್ಚಲ ಬಾಣಂತನಕ್ಕೆ ಬಂದದ್ದು ನಿನ್ನ ಬಾಪ ಕೊಂಡ ಈ ಗಾಡಿಯಲ್ಲಿ. ರಶೀನಾ ಬಾಡಿಗೆಯ ವ್ಯಾನಿನಲ್ಲಿ ಬಂದು ಇಳಿದರೆ ಅವಳಿಗೆ ಏನನ್ನಿಸೀತು?

ನೀನು ಅಲ್ಲಿ ಗಾಡಿಗಳ ಬಿಡಿಭಾಗಗಳ ಸ್ಟೋರಿನಲ್ಲಿ ಇರುವವನು. ಇದಕ್ಕೆ ಏನು ಮಾಡಬಹುದೆಂದು ಬರೆ. ನಾನು ಬೇಡುತ್ತಿಲ್ಲ, ಅಭಿಪ್ರಾಯ ಕೇಳುತ್ತಿದ್ದೇನೆ.

ಖತೀಜಮ್ಮ


ದಮ್ಮಾಮ್
19-9-1995

ಪ್ರೀತಿಯ ಉಮ್ಮಾ,

ನಿಮ್ಮ ಕಾಗದ ಸಿಕ್ಕಿತು. ರಶೀನಾಳ ಸುದ್ದಿ ಓದಿ ಊಟದ ಬಿಡುವಿನಲ್ಲಿ ಎದ್ದು ಹೋಗಿ ಎರಡು ರಕಅತ್ ನಮಾಝ್ ಮಾಡಿ ಬಂದೆ. ಫೋನು ಮಾಡುವ ಎಂದುಕೊಂಡೆ. ಫೋನಿನಲ್ಲಿ ಅಳುವುದು ಬಿಟ್ಟು ಬೇರೇನೂ ಆಗುವುದಿಲ್ಲ ಎಂದು ನೀವೇ ಹೇಳಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಗಾಡಿಯ ವಿಷಯ. ಕೋಪ ಮಾಡಬೇಡಿ, ನನಗೆ ಕಾಣುವುದನ್ನು ಹೇಳುತ್ತೇನೆ. ಲ್ಯಾಂಡ್‌ಮಾಸ್ಟರ್ ಈಗ ಬರಿಯ ಹಳೆಯ ಗಾಡಿಯಲ್ಲ, ಅಪರೂಪದ ಗಾಡಿ. ಬೆಂಗಳೂರಿನಲ್ಲಿ ಅಂಥದ್ದನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಮಾರಿದರೆ ಬರುವ ಹಣಕ್ಕೆ ಸ್ವಲ್ಪ ಸೇರಿಸಿ ಹೊಸ ಮಾರುತಿ ತೆಗೆಯಬಹುದು. ಮಾರುವುದಿಲ್ಲವಾದರೆ ಹಳೆಯ ಮಾದರಿಯ ಪ್ಲೇಟನ್ನೇ ಹೊಸದಾಗಿ ಮಾಡಿಸಿ ಹಾಕಿಸಬಹುದು. ಖರ್ಚು ಕಡಿಮೆ, ಗಾಡಿಯ ಗುಣವೂ ಬದಲಾಗುವುದಿಲ್ಲ. ಆದರೆ ನಮ್ಮ ಕಡೆ ಸಿಗುವ ಉಕ್ಕು ಹೇಗೋ ಏನೋ, ವರ್ಷದಲ್ಲಿ ಮತ್ತೆ ಕೂತುಬಿಡುತ್ತದೆ. ಇಲ್ಲಿಯ ಪ್ಲೇಟು ಹಾಕಿದರೆ ಇಪ್ಪತ್ತು ವರ್ಷ ನೋಡಬೇಕಾಗಿಲ್ಲ. ಇಲ್ಲಿ ಮರುಭೂಮಿಯಲ್ಲಿ ರಸ್ತೆಯೇ ಇಲ್ಲದ ಕಡೆಗೂ ಗಾಡಿಗಳು ಹೋಗುತ್ತವೆ. ನಷ್ಟ ಒಂದೇ: ಮುಂದೆ ಯಾವತ್ತಾದರೂ ಮಾರುವುದಾದರೆ, ಬೇರೆ ಸಾಮಾನು ಕೂಡಿಸಿದ ಹಳೆಯ ಗಾಡಿಗೆ ಬೆಲೆ ಇಳಿಯುತ್ತದೆ.

ನನಗೆ ಇಲ್ಲಿಯ ಪ್ಲೇಟೇ ಒಳ್ಳೆಯದೆಂದು ಕಾಣುತ್ತದೆ. ಎಷ್ಟಾದರೂ ನಮ್ಮ ರಶೀನಾ ಕೂರುವ ಗಾಡಿ.

ಇನ್ನೊಂದು ಮಾತು. ಮೂಡುಬಿದಿರೆಯ ಆಸ್ಯ ಮಾಮಿಗೆ ಈ ಸುದ್ದಿ ತಿಳಿಸಿದ್ದೀರಾ? ಬಾಪನಿಗೆ ಇದ್ದದ್ದು ಅವರೊಬ್ಬರೇ ತಂಗಿ. ಬಾಪ ಇದ್ದಿದ್ದರೆ ಅವರಿಗೇ ಮೊದಲು ತಿಳಿಸುತ್ತಿದ್ದರು.

ನಿಮ್ಮ
ನಿಝಾಮ್


ಬಂಟ್ವಾಳ
6-10-1995

ನಿಝಾಮುದ್ದೀನ,

ನೀನು ಬರೆದದ್ದನ್ನು ತೂಗಿ ನೋಡಿದೆ.

ಮಾರುವ ಮಾತು ಈ ಮನೆಯಲ್ಲಿ ಇನ್ನೊಮ್ಮೆ ಬರಬಾರದು. ಮಾರುತಿಯಲ್ಲಿ ನಾನು ಕೂತಿದ್ದೇನೆ. ಲಾರಿಯೊಂದು ಪಕ್ಕದಲ್ಲಿ ಹೋದರೆ ಅದು ಹೆದರಿ ನಡುಗುತ್ತದೆ. ಮುಂದೆ ಬೆಲೆ ಇಳಿಯುತ್ತದೆ ಎಂದು ಬರೆದಿದ್ದೀ. ಮಾರದ ವಸ್ತುವಿಗೆ ಬೆಲೆ ಇಳಿಯುವುದು ಹೇಗೆ? ನಾನು ಹೈಸ್ಕೂಲು ಮೆಟ್ಟಿಲು ಹತ್ತಿದವಳು, ಅಷ್ಟು ಲೆಕ್ಕ ನನಗೆ ಬರುತ್ತದೆ. ಈ ಪೇಟೆಯಲ್ಲಿ ಆ ಕಾಲಕ್ಕೆ ನಮ್ಮವರಲ್ಲಿ ಹೈಸ್ಕೂಲಿಗೆ ಹೋದ ಹೆಣ್ಣು ನಾನೊಬ್ಬಳೇ.

ನಿನ್ನ ಪರದೇಶದ ಪ್ಲೇಟು ಬೇಡ. ಈ ಗಾಡಿ ನಮ್ಮ ರಸ್ತೆಗೆ ಒಗ್ಗಿದ್ದು. ಬಿ.ಸಿ.ರೋಡಿನ ಸುಬ್ಬಯ್ಯನ ಗ್ಯಾರೇಜಿನಲ್ಲಿ ತುಂಡಾದ ಪ್ಲೇಟು ಬದಲಾಯಿಸಿ, ಸವೆದ ರಬ್ಬರ್ ಬುಶ್ ಹೊಸದು ಹಾಕಿಸಿದರೆ ಸಾಕು. ಖರ್ಚೂ ನಮ್ಮ ಕೈಯಳತೆಯಲ್ಲೇ ಮುಗಿಯುತ್ತದೆ.

ಆಸ್ಯಳ ಹೆಸರನ್ನು ಯಾಕೆ ತೆಗೆದೆ? ಅವಳ ಮಗಳ ಮದುವೆಗೆ ಮದುಮಗಳನ್ನು ಕರೆದೊಯ್ಯಲು ಇದೇ ಗಾಡಿ ಕೊಟ್ಟೆ. ಸಿದ್ಧಕಟ್ಟೆಯ ಹೊಂಡದಲ್ಲಿ ಗಾಡಿ ಹಾರಿ ಮದುಮಗಳ ತಲೆಯ ಮಲ್ಲಿಗೆ ಬಿತ್ತು. ಅದಕ್ಕೆ ಅವಳು ನೂರು ಹೆಂಗಸರ ಎದುರು ಏನು ಹೇಳಿದಳು? "ಅಣ್ಣನ ಗಾಡಿಯೂ ಅತ್ತಿಗೆಯ ಹಾಗೆಯೇ, ಎರಡಕ್ಕೂ ಬಾಗಿ ಗೊತ್ತಿಲ್ಲ" ಎಂದಳು. ಎಲ್ಲರೂ ನಕ್ಕರು. ಅಂದಿನಿಂದ ಏಳು ವರ್ಷ ನಾನು ಅವಳ ಮನೆಯ ಹೊಸ್ತಿಲು ತುಳಿದಿಲ್ಲ, ಅವಳೂ ಬಂದಿಲ್ಲ. ಸುದ್ದಿ ತಿಳಿಯುವುದಿದ್ದರೆ ತಾನಾಗಿ ತಿಳಿಯುತ್ತದೆ.

ಉಮ್ಮ


ದಮ್ಮಾಮ್
8-10-1995

ಪ್ರೀತಿಯ ಉಮ್ಮಾ,

ನಿಮ್ಮ ಉತ್ತರಕ್ಕೆ ಕಾಯಲಿಲ್ಲ, ಕ್ಷಮಿಸಿ. ವಿಟ್ಲದ ಅಬ್ದುಲ್ ರವೂಫ್ ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ಇವನು ಹೋದರೆ ಇನ್ನು ಎರಡು ತಿಂಗಳು ಯಾರೂ ಇಲ್ಲ. ಅದಕ್ಕೆ ಎರಡೂ ಬದಿಯ ಪ್ಲೇಟುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಅವನ ಲಗ್ಗೇಜಿಗೆ ಹಾಕಿದ್ದೇನೆ. ಅಳತೆ ಫಯಾಝ್ ಫೋನಿನಲ್ಲಿ ಹೇಳಿದ್ದ. ನಿಮಗೆ ತಿಳಿಸಬೇಡ ಎಂದು ನಾನೇ ಅವನಿಗೆ ಹೇಳಿದ್ದೆ. ಪಾಪ ರವೂಫ್ ತನ್ನ ಹಾಲಿನ ಪುಡಿಯ ಡಬ್ಬಗಳನ್ನೂ ಎರಡು ಕಂಬಳಿಗಳನ್ನೂ ಇಲ್ಲಿಯೇ ಬಿಟ್ಟು ಹೊರಟ. "ನಿನ್ನ ತಂಗಿಯೆಂದರೆ ನನ್ನ ತಂಗಿಯಲ್ಲವಾ ಮಾರಾಯ" ಎಂದ.

ಸ್ಟೋರಿನಲ್ಲಿ ಇದ್ದದ್ದರಲ್ಲೇ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಆರಿಸಿದ್ದೇನೆ. ಮುಟ್ಟಿ ನೋಡಿ, ನಿಮಗೇ ಗೊತ್ತಾಗುತ್ತದೆ. ಇನ್ನು ರಶೀನಾ ಹಾಸಿಗೆಯಲ್ಲಿ ಮಲಗಿದ ಹಾಗೆ ಬರುತ್ತಾಳೆ.

ನಿಮ್ಮ
ನಿಝಾಮ್


ಬಂಟ್ವಾಳ
2-11-1995

ನಿಝಾಮುದ್ದೀನ,

ರವೂಫ್ ಬಂದ. ಬೊಂಬಾಯಿಯ ಕಸ್ಟಮ್ಸಿನವರು ಕಂಬಳಿ ಬಿಚ್ಚಿ, ಇದು ಯಾವ ಆಯುಧ ಎಂದು ಕೇಳಿದರಂತೆ. ಬಸುರಿ ಹೆಂಗಸಿಗೆ ಎಂದನಂತೆ ಇವನು. ಅವರು ಇನ್ನಷ್ಟು ಹೊತ್ತು ನಿಲ್ಲಿಸಿದರಂತೆ.

ಪ್ಲೇಟು ಹಾಕಿ ಆಯಿತು. ತಂದದ್ದನ್ನು ವಾಪಸು ಕಳಿಸುವ ಹಾಗಿರಲಿಲ್ಲ. ಗಾಡಿ ಈಗ ಎತ್ತರವಾಗಿ ಕಾಣುತ್ತದೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನಾನು ಪಾಣೆಮಂಗಳೂರಿನ ತನಕ ಹೋಗಿ ಬಂದೆ. ಹಳೆಯ ಪ್ಲೇಟುಗಳನ್ನು ಕಮ್ಮಾರ ಡೊಂಬಯ್ಯ ಒಯ್ದ. ಕತ್ತಿಗೆ ಅದಕ್ಕಿಂತ ಒಳ್ಳೆಯ ಉಕ್ಕು ಇಲ್ಲವಂತೆ. ಸಂಜೆಗೆಲ್ಲ ಕುಲುಮೆಗೆ ಹಾಕಿದ್ದಾನೆ.

ರಶೀನಾ ಹಾಸಿಗೆಯಲ್ಲೇ ಇದ್ದಾಳೆ. ಹೆದರಿಕೆಯಲ್ಲಿ ಎಡಮಗ್ಗುಲು ಬಿಟ್ಟು ಬಲಮಗ್ಗುಲಿಗೂ ತಿರುಗುವುದಿಲ್ಲವಂತೆ.

ಬರೆಯಲು ಬೇರೇನೂ ಇಲ್ಲ.

ಉಮ್ಮ


ದಮ್ಮಾಮ್
18-11-1995

ಪ್ರೀತಿಯ ಉಮ್ಮಾ,

ಬೀದಿಯಲ್ಲಿ ಜನ ನಿಂತು ನೋಡುತ್ತಾರೆ ಎಂದು ನೀವು ಬರೆದದ್ದನ್ನು ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿಮ್ಮ ಕಾಗದ ಚಿಕ್ಕದಾದರೂ ಅದರಲ್ಲಿದ್ದ ಸಂತೋಷ ನನಗೆ ಗೊತ್ತಾಯಿತು. ನೀವು ಯಾವತ್ತೂ ಮೆಚ್ಚಿದ್ದನ್ನು ಮೆಚ್ಚಿದೆ ಎಂದು ಬರೆದವರಲ್ಲ. ಡೊಂಬಯ್ಯನಿಗೆ ಕತ್ತಿಯೂ ಆಯಿತು, ನಮಗೆ ಗಾಡಿಯೂ ಆಯಿತು.

ಹಿಂದಿನದು ಇಷ್ಟು ಚೆನ್ನಾದ ಮೇಲೆ ಮುಂದಿನದನ್ನು ಯಾಕೆ ಬಿಡಬೇಕು? ಅದಕ್ಕೂ ಇಂಥದ್ದೇ ಗಟ್ಟಿ ಶಾಕ್ ಅಬ್ಸಾರ್ಬರ್ ನೋಡಿ ಇಟ್ಟಿದ್ದೇನೆ. ಡಿಸೆಂಬರಿನಲ್ಲಿ ಕಾಸರಗೋಡಿನ ಒಬ್ಬರು ಹೊರಡುತ್ತಾರೆ. ಒಂದು ಮಾತು ಬರೆಯಿರಿ, ಕಳಿಸುತ್ತೇನೆ.

ರಶೀನಾಳನ್ನು ಕರೆತರುವ ದಿನಕ್ಕೆ ನಾನೂ ಬರಬೇಕೆಂದು ಇತ್ತು. ಈಗ ಕಂಪೆನಿಯಲ್ಲಿ ರಜೆಗೆ ಅನುಕೂಲವಿಲ್ಲ. ಬೇಸಗೆಯಲ್ಲಿ ನೋಡುವ.

ನಿಮ್ಮ
ನಿಝಾಮ್


ಬಂಟ್ವಾಳ
5-12-1995

ನಿಝಾಮುದ್ದೀನ,

ಏನನ್ನೂ ಕಳಿಸಬೇಡ. ಈ ಕಾಗದ ಮುಟ್ಟುವುದರೊಳಗೆ ಕಾಸರಗೋಡಿನವರ ಚೀಲದಲ್ಲಿ ಏನಾದರೂ ಹಾಕಿದ್ದರೆ ಹೊರಗೆ ತೆಗೆ.

ಹೋದ ಕಾಗದದಲ್ಲಿ ನಾನು ಸುಳ್ಳು ಬರೆದಿಲ್ಲ. ಗಾಡಿ ಎತ್ತರ ಕಾಣುವುದೂ ನಿಜ, ಜನ ನೋಡುವುದೂ ನಿಜ. ಯಾಕೆ ನೋಡುತ್ತಾರೆ ಎಂದು ಬರೆಯಲಿಲ್ಲ, ಅಷ್ಟೇ. ಗಾಡಿಯ ಹಿಂಭಾಗ ಕೊಕ್ಕರೆಯ ಹಾಗೆ ಎದ್ದು ನಿಂತಿದೆ. ಪಾಣೆಮಂಗಳೂರಿಗೆ ಹೋಗುವಾಗ ತೊಡೆಯ ಮೇಲೆ ಒಂದು ಬುಟ್ಟಿ ಕೋಳಿಮೊಟ್ಟೆ ಇಟ್ಟುಕೊಂಡು ಹಿಂದೆ ಕೂತೆ. ಬಾಯಿಮಾತಿನ ಸಮಾಧಾನ ನನಗೆ ಬೇಡ, ಮೊಟ್ಟೆ ಸುಳ್ಳು ಹೇಳುವುದಿಲ್ಲ. ಹಳೆಯ ಸೇತುವೆ ದಾಟುವಷ್ಟರಲ್ಲಿ ನನ್ನ ಸೀರೆಯೆಲ್ಲ ಹಳದಿ. ಫಯಾಝ್ ನಗು ತಡೆಯಲಾಗದೆ ಗಾಡಿ ನಿಲ್ಲಿಸಿದ. ನಾನು ನಗಲಿಲ್ಲ. ಆ ಬುಟ್ಟಿಯ ಜಾಗದಲ್ಲಿ ರಶೀನಾಳನ್ನು ಇಟ್ಟು ನೋಡಿದೆ.

ಹಳೆಯದನ್ನೇ ಮತ್ತೆ ಹಾಕುವ ಎಂದರೆ ಅದು ಕತ್ತಿಗಳಾಗಿ ಯಾರ್ಯಾರ ತೋಟಕ್ಕೋ ಹೋಗಿಯಾಗಿದೆ. ಆ ಮಾದರಿಯದು ಮಾಡಿಸಲು ಮಂಗಳೂರಿನಲ್ಲಿ ಎರಡು ತಿಂಗಳು ಕಾಯಬೇಕಂತೆ. ನಮಗೆ ಅಷ್ಟು ದಿನ ಇಲ್ಲ. ರಂಝಾನಿನ ಉಪವಾಸ ಶುರುವಾಗುವ ಮೊದಲು ಅವಳು ಇಲ್ಲಿರಬೇಕು.

ಹೋದ ವಾರ ವಿಟ್ಲಕ್ಕೆ ಹೋಗಿದ್ದೆ. ರವೂಫನ ತಾಯಿ ಬೀಪಾತುಮ್ಮ ಹಾಲಿನ ಪುಡಿಯ ಸಂಗತಿ ಊರಿಡೀ ಹೇಳುತ್ತಾ ಬರುತ್ತಿದ್ದಾಳೆಂದು ಕೇಳಿ, ನಾಲ್ಕು ಡಬ್ಬ ಕೊಂಡು ಒಯ್ದು ಕೊಟ್ಟೆ. "ನನ್ನ ಮಗ ವರ್ಷಕ್ಕೊಮ್ಮೆ ಬರುವುದು, ಅದೂ ಕಬ್ಬಿಣ ಹೊತ್ತುಕೊಂಡು" ಎಂದು ಸ್ವಲ್ಪ ಹೊತ್ತು ಅಂದಳು. ಆಮೇಲೆ ಊಟ ಬಡಿಸಿದಳು. ಬರುವಾಗ ಅವರ ಗದ್ದೆಯ ಅಕ್ಕಿ ಮೂರು ಮೂಟೆಯನ್ನು ಫಯಾಝ್ ಹಿಂದಿನ ಸೀಟಿಗೆ ಹಾಕಿದ. ನಾನು ಎದುರು ಕೂತೆ. ಕಲ್ಲಡ್ಕದ ಹೊಂಡಗಳಲ್ಲಿ ನಾನು ಕಣ್ಣು ಮುಚ್ಚಿ ಕಾದೆ, ಏನೂ ಆಗಲಿಲ್ಲ. ದೋಣಿಯಲ್ಲಿ ಬಂದ ಹಾಗೆ ಬಂದೆವು. ಮರುದಿನ ಅದೇ ಮೂಟೆ, ಅದೇ ರಸ್ತೆ, ಇನ್ನೊಂದು ಬುಟ್ಟಿ ಮೊಟ್ಟೆ. ಒಂದೂ ಒಡೆಯಲಿಲ್ಲ. ನಿನ್ನ ಪ್ಲೇಟು ಭಾರ ಹೊರಲು ಹುಟ್ಟಿದ್ದು. ಮೇಲೆ ಭಾರ ಇಲ್ಲದಿದ್ದರೆ ಅದು ಬಾಗುವುದೇ ಇಲ್ಲ.

ಹಾಗಾದರೆ ಮೂಟೆ ಹಾಕಿಕೊಂಡೇ ಹೋಗುವ ಎಂದ ಫಯಾಝ್. ಮಗಳನ್ನು ಕರೆತರಲು ಹೋಗುವಾಗ ಸೀಟಿನಲ್ಲಿ ರೇಶನ್ ಅಂಗಡಿಯ ಹಾಗೆ ಮೂಟೆ ಇಟ್ಟುಕೊಂಡು ಬೀಗರ ಅಂಗಳಕ್ಕೆ ಹೋಗುವುದೇ? ಕಾಣದ ಹಾಗೆ ಡಿಕ್ಕಿಯಲ್ಲಿ ಹಾಕಿ ನೋಡಿದ. ಭಾರವೆಲ್ಲ ಚಕ್ರದ ಹಿಂದಕ್ಕೆ ಬಿದ್ದು, ಎದುರು ಹಗುರವಾಗಿ ಸ್ಟೇರಿಂಗ್ ನಿಲ್ಲಲಿಲ್ಲ. ಭಾರ ಸೀಟಿನಲ್ಲೇ ಕೂರಬೇಕು, ಮರ್ಯಾದೆಯಿಂದ ಕೂರಬೇಕು. ಅಂದರೆ ಹೆಂಗಸರೇ ಆಗಬೇಕು. ನಮ್ಮ ಮನೆಯವರೆಲ್ಲ ಒಣಕಡ್ಡಿಗಳು. ಫಯಾಝನ ಹೆಂಡತಿ ಶಿಫಾನಾ ಕೂತರೆ ಸೀಟಿಗೆ ಗೊತ್ತೂ ಆಗುವುದಿಲ್ಲ. ಬೀಪಾತುಮ್ಮ ಬರುತ್ತೇನೆ ಎಂದಿದ್ದಾಳೆ, ಅವಳು ಒಂದೂವರೆ ಮೂಟೆಗೆ ಸಮ. ಇನ್ನೊಬ್ಬರು ಬೇಕು. ಯಾರೆಂದು ಯೋಚಿಸುತ್ತಿದ್ದೇನೆ.

ಉಮ್ಮ


ದಮ್ಮಾಮ್
22-12-1995

ಪ್ರೀತಿಯ ಉಮ್ಮಾ,

ನಿಮ್ಮ ಕಾಗದವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ.

ತಪ್ಪು ನನ್ನದು. ಆ ಪ್ಲೇಟುಗಳು ಒಂದು ಟನ್ ಸಾಮಾನು ಹೊರುವ ಪಿಕಪ್ ಗಾಡಿಯವು. ಗಟ್ಟಿಯಾದದ್ದು ಎಂದರೆ ಒಳ್ಳೆಯದು ಎಂದುಕೊಂಡೆ. ನಮ್ಮ ಕಡೆಯವರೆಲ್ಲ ಇಲ್ಲಿಂದ ಊರಿಗೆ ಒಯ್ಯುವಾಗ ಹಾಗೆಯೇ ಅಲ್ಲವಾ, ಕಂಬಳಿಯಾದರೂ ದಪ್ಪದ್ದೇ, ಟಾರ್ಚಾದರೂ ಉದ್ದದ್ದೇ. ಸ್ಟೋರಿನಲ್ಲಿ ಇರುವವನೆಂದ ಮಾತ್ರಕ್ಕೆ ನನಗೆ ಸಾಮಾನಿನ ನಂಬರು ಗೊತ್ತೇ ಹೊರತು, ಅದು ಗಾಡಿಯ ಕೆಳಗೆ ಹೋಗಿ ಏನು ಮಾಡುತ್ತದೆ ಎಂದು ಗೊತ್ತಿಲ್ಲ. ವರ್ಕ್‌ಶಾಪಿನ ಒಬ್ಬನನ್ನು ಕೇಳಿದ್ದರೂ ಸಾಕಿತ್ತು. ಊರಿನಲ್ಲಿ ನನ್ನನ್ನು ಎಲ್ಲರೂ ಮೆಕ್ಯಾನಿಕ್ ಎಂದುಕೊಂಡಿದ್ದೀರಿ, ನಾನೂ ಹೌದೆಂದೇ ಇದ್ದುಬಿಟ್ಟೆ.

ನೀವು ಬರೆಯದೆ ಇಟ್ಟದ್ದನ್ನು ಬರೆದಿರಿ. ನಾನೂ ಒಂದು ಬರೆದಿಲ್ಲ. ಆ ಪ್ಲೇಟುಗಳನ್ನು ಸ್ಟೋರಿನ ಅಟ್ಟದಿಂದ ಇಳಿಸುವಾಗ ನನ್ನ ಬೆನ್ನು ಹಿಡಿದುಕೊಂಡಿತು. ಮೂರು ವಾರ ಮಲಗಿದ್ದೆ, ಇದ್ದ ರಜೆಯೆಲ್ಲ ಅದಕ್ಕೇ ಹೋಯಿತು. ಈಗ ನಡೆಯುತ್ತೇನೆ, ಕೆಲಸಕ್ಕೂ ಹೋಗುತ್ತೇನೆ. ತುಂಬ ಹೊತ್ತು ಕೂರಲು ಆಗುವುದಿಲ್ಲ, ಅಷ್ಟೇ. ಹೆದರಬೇಡಿ.

ಉಮ್ಮಾ, ನನ್ನ ಮಾತು ಕೇಳಿ. ಈ ಸಲ ಮರ್ಯಾದೆ ನೋಡಬೇಡಿ. ಒಳ್ಳೆಯ ವ್ಯಾನು ಬಾಡಿಗೆಗೆ ತೆಗೆದುಕೊಂಡು ಹೋಗಿ. ನಾನು ಕಳಿಸಿದ ಕಬ್ಬಿಣದಿಂದ ರಶೀನಾಳಿಗೆ ಏನಾದರೂ ಆದರೆ ನಾನು ಅವಳ ಮುಖ ಹೇಗೆ ನೋಡಲಿ?

ನಿಝಾಮ್


ಬಂಟ್ವಾಳ
8-1-1996

ಮಗನೇ,

ನಿನ್ನ ಕಾಗದ ಇವತ್ತು ಬಂತು. ಮೊನ್ನೆ ಶನಿವಾರ ರಶೀನಾಳನ್ನು ಕರೆತಂದೆವು. ಒಳಕೋಣೆಯಲ್ಲಿ ಮಲಗಿದ್ದಾಳೆ. ಅವಳಿಗೂ ಏನೂ ಆಗಿಲ್ಲ, ಹೊಟ್ಟೆಯಲ್ಲಿರುವುದಕ್ಕೂ ಏನೂ ಆಗಿಲ್ಲ. ಅಲ್‌ಹಮ್ದುಲಿಲ್ಲಾ. ಇಷ್ಟು ಓದಿ, ನೀರು ಕುಡಿದು, ಮುಂದಿನದನ್ನು ಓದು.

ಇನ್ನೊಬ್ಬರು ಬೇಕೆಂದು ಬರೆದಿದ್ದೆನಲ್ಲ. ಯಾರೆಂದು ಬರೆಯುವಾಗಲೇ ನನಗೆ ಗೊತ್ತಿತ್ತು, ಕೈ ಬರಲಿಲ್ಲ. ಕ್ರಿಸ್‌ಮಸ್ ರಜೆಯ ಒಂದು ದಿನ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆ. ಬಾಗಿಲು ತೆರೆದದ್ದು ಆಸ್ಯಳೇ. ಏಳು ವರ್ಷದಲ್ಲಿ ಇನ್ನಷ್ಟು ಅಗಲವಾಗಿದ್ದಾಳೆ. ನೋಡಿ ನನಗೆ ಸಮಾಧಾನವಾಯಿತು.

"ದಾರಿ ತಪ್ಪಿತಾ ಅತ್ತಿಗೆ?" ಎಂದಳು.

"ತಪ್ಪಲಿಲ್ಲ. ನಿನ್ನ ಮನೆಗೇ ಬಂದದ್ದು. ಒಳಗೆ ಕರೆಯುತ್ತೀಯೋ, ಇಲ್ಲಿಯೇ ಹೇಳಲೋ?"

"ಕೂತು ಹೇಳಿ. ನಿಂತವರ ಮಾತು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ."

ಕೂತು ಹೇಳಿದೆ. ರಶೀನಾಳದ್ದು, ಪ್ಲೇಟಿನದ್ದು, ಮೊಟ್ಟೆಯದ್ದು, ಮೂಟೆಯದ್ದು. ಅವಳು ಪೂರ್ತಿ ಕೇಳಿದಳು.

"ಸ್ವಲ್ಪ ತಡೆಯಿರಿ. ನೀವು ನನ್ನನ್ನು ಕರೆಯಲಿಕ್ಕೆ ಬಂದದ್ದಾ, ನನ್ನ ತೂಕವನ್ನು ಕರೆಯಲಿಕ್ಕೆ ಬಂದದ್ದಾ?"

"ಎರಡನ್ನೂ. ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲವಲ್ಲ."

ಅವಳು ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. "ಆ ದಿನ ಮದುವೆಯಲ್ಲಿ ನಾನು ಹೇಳಿದ್ದು..." ಎಂದು ತೆಗೆದಳು.

"ಗಾಡಿಯ ವಿಷಯದಲ್ಲಿ ನೀನು ಹೇಳಿದ್ದು ಸರಿಯಾಗಿಯೇ ಇತ್ತು" ಎಂದೆ.

"ಮತ್ತೆ ಅತ್ತಿಗೆಯ ವಿಷಯದಲ್ಲಿ?"

"ಅದನ್ನು ಚಹಾ ಕುಡಿದ ಮೇಲೆ ನೋಡುವ."

ಚಹಾ ಕುಡಿದೆವು. ಆಮೇಲೆ ಅದರ ಮಾತು ಬರಲಿಲ್ಲ. ರಶೀನಾಳ ಮೊದಲಿನ ಎರಡೂ ಸಲದ ಸುದ್ದಿ ಅವಳಿಗೆ ತಿಳಿದಿತ್ತಂತೆ. ಎರಡು ಸಲವೂ ಬಂಟ್ವಾಳದ ಬಸ್ಸು ಹತ್ತಿ, ಸಿದ್ಧಕಟ್ಟೆಯಲ್ಲಿ ಇಳಿದು ವಾಪಸು ಹೋದಳಂತೆ. ಇದನ್ನು ಅವಳು ಹೇಳಲಿಲ್ಲ, ಅವಳ ಸೊಸೆ ಹೇಳಿದ್ದು.

ಶನಿವಾರ ಬೆಳಿಗ್ಗೆ ಹೊರಟೆವು. ಹಿಂದೆ ಆಸ್ಯ ಒಂದು ಬದಿ, ಬೀಪಾತುಮ್ಮ ಇನ್ನೊಂದು ಬದಿ, ನಡುವೆ ಶಿಫಾನಾ ಪುಸ್ತಕದೊಳಗೆ ಇಟ್ಟ ನವಿಲುಗರಿಯ ಹಾಗೆ. ಇಬ್ಬರಿಗೂ ಅದು ಮೊದಲ ಭೇಟಿ. ವಗ್ಗ ದಾಟುವಷ್ಟರಲ್ಲಿ ತಮ್ಮ ತಮ್ಮ ಸೊಸೆಯಂದಿರ ಕಥೆ ಮುಗಿಸಿ ನನ್ನ ಕಥೆಗೆ ಬಂದರು. ನಾನು ಎದುರಿನಲ್ಲಿ ಕೇಳಿಯೂ ಕೇಳದವಳ ಹಾಗೆ ಇದ್ದೆ. ಗಾಡಿ ಚೆನ್ನಾಗಿ ಹೋಗುತ್ತಿತ್ತು. ಪುಂಜಾಲಕಟ್ಟೆಯಲ್ಲಿ ಬೀಪಾತುಮ್ಮ, "ಸ್ವಲ್ಪ ಇಳಿದು ಕಾಲು ಬಿಡಿಸುವ" ಎಂದಳು. "ಇಳಿಯುವುದಾದರೆ ಇಬ್ಬರೂ ಒಟ್ಟಿಗೆ ಇಳಿಯಿರಿ, ಹತ್ತುವಾಗಲೂ ಒಟ್ಟಿಗೆ ಹತ್ತಿ" ಎಂದ ಫಯಾಝ್.

ಬೀಗರ ಮನೆಯಲ್ಲಿ ಬಿರಿಯಾನಿ ಮಾಡಿದ್ದರು. ಬೇರೆಯವರ ಮನೆಯಲ್ಲಿ ನಮ್ಮವರು ಜಾಸ್ತಿ ತಿಂದರೆ ನನಗೆ ನಾಚಿಕೆ ಎಂದು ನಿನಗೆ ಗೊತ್ತು. ಆ ದಿನ ನಾನೇ ಪಾತ್ರೆ ಹಿಡಿದು ಇಬ್ಬರ ಬಟ್ಟಲಿಗೂ ಮತ್ತೆ ಮತ್ತೆ ಬಡಿಸಿದೆ. ಆಸ್ಯ ನನ್ನ ಮುಖ ನೋಡಿ, "ಅತ್ತಿಗೆಗೆ ನನ್ನ ಮೇಲೆ ಇಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ" ಎಂದಳು. ಬೀಗಿತ್ತಿಗೆ ಏನೂ ಗೊತ್ತಾಗಲಿಲ್ಲ.

ವಾಪಸು ಬರುವಾಗ ರಶೀನಾಳನ್ನು ಎದುರು ಸೀಟಿನಲ್ಲಿ ಬಾಗಿಲ ಬದಿ ಕೂರಿಸಿದೆ. ನಾನು ನಡುವೆ. ಹಿಂದಿನ ಎರಡೂ ಚಕ್ರಗಳಿಂದ ದೂರ, ಗಾಡಿಯಲ್ಲಿ ಎಲ್ಲಕ್ಕಿಂತ ಮೆತ್ತಗಿನ ಜಾಗ ಅದೇ. ಅವಳ ಕೈ ತಣ್ಣಗಿತ್ತು. ಗುರುವಾಯನಕೆರೆಯ ತನಕ ಅದನ್ನು ಹಿಡಿದೇ ಕೂತೆ. ಮಡಂತ್ಯಾರಿನ ಹತ್ತಿರ ರಸ್ತೆ ಅಗೆದು ಹಾಕಿದ್ದರು. ಫಯಾಝ್ ಎಷ್ಟು ನಿಧಾನ ಹೋದರೂ ಗಾಡಿ ಒಮ್ಮೆ ಇಳಿದು ಎದ್ದಿತು. ರಶೀನಾ "ಉಮ್ಮಾ" ಎಂದು ಹೊಟ್ಟೆ ಹಿಡಿದುಕೊಂಡಳು. ಫಯಾಝ್ ಗಾಡಿ ನಿಲ್ಲಿಸಿಬಿಟ್ಟ. ಹಿಂದಿನಿಂದ ಬಸ್ಸು ಹಾರ್ನ್ ಹಾಕುತ್ತಿತ್ತು. ನನಗೆ ತಿರುಗಿ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. ಹಿಂದಿನಿಂದ ಆಸ್ಯ ಕೈ ಚಾಚಿ ಅವಳ ಹೆಗಲು ಹಿಡಿದು, "ಏನು ಮಗಳೇ?" ಎಂದು ಕೇಳಿದಳು.

"ಒದೆಯಿತು" ಎಂದಳು ರಶೀನಾ. "ಮಾಮಿ, ಜೋರಾಗಿ ಒದೆಯಿತು. ಇಷ್ಟು ದಿನ ಇಷ್ಟು ಜೋರಾಗಿ ಒದ್ದಿರಲಿಲ್ಲ."

"ನಿದ್ದೆ ಕೆಡಿಸಿದರೆ ಯಾರು ಒದೆಯುವುದಿಲ್ಲ?" ಎಂದಳು ಬೀಪಾತುಮ್ಮ.

ರಶೀನಾ ನಕ್ಕಳು. ಅವಳು ನಕ್ಕದ್ದನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಹಿಂದಿನ ಮೂವರೂ ನಕ್ಕರು, ಆ ನಗುವಿಗೂ ಗಾಡಿ ಮೆಲ್ಲಗೆ ಕುಣಿಯಿತು. ಬಂಟ್ವಾಳ ಬರುವವರೆಗೆ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ, ಕಣ್ಣಿಗೆ ಧೂಳು ಬಿದ್ದಿತ್ತು.

ನಿನ್ನ ಬೆನ್ನಿನ ವಿಷಯ ಓದಿದೆ. ಹೇಳದೆ ಇದ್ದದ್ದಕ್ಕೆ ಬೈಯಬೇಕು. ಬೈಯಲು ಹೊರಟರೆ ಯಾರನ್ನು ನೋಡಿ ಕಲಿತದ್ದು ಎಂದು ನೀನು ಕೇಳುತ್ತೀ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೋ. ಭಾರ ಎತ್ತಬೇಡ.

ಉಮ್ಮ


ದಮ್ಮಾಮ್
25-1-1996

ಪ್ರೀತಿಯ ಉಮ್ಮಾ,

ನೀವು ಹೇಳಿದ ಹಾಗೆ ಮೊದಲ ಪ್ಯಾರಾ ಓದಿ ನೀರು ಕುಡಿದೆ. ಉಪವಾಸ ಎಂದು ನೆನಪಾದದ್ದು ಕುಡಿದ ಮೇಲೆ. ಮರೆತು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದು ಇಲ್ಲಿಯ ಉಸ್ತಾದರು ಹೇಳಿದರು.

ಉಳಿದದ್ದನ್ನು ಮೂರು ಸಲ ಓದಿದೆ. ಆಸ್ಯ ಮಾಮಿ ಬಸ್ಸಿಳಿದು ವಾಪಸು ಹೋದದ್ದನ್ನು ಮಾತ್ರ ಒಂದೇ ಸಲ.

ಈ ಸಲ ವರ್ಕ್‌ಶಾಪಿನವರನ್ನು ಸರಿಯಾಗಿ ಕೇಳಿದ್ದೇನೆ. ಆ ಕಟ್ಟಿನಲ್ಲಿ ಕೆಳಗಿನ ಎರಡು ದಪ್ಪ ಪ್ಲೇಟುಗಳನ್ನು ತೆಗೆಸಿದರೆ ಸಾಕಂತೆ, ಗಾಡಿ ಮೆತ್ತಗಾಗುತ್ತದೆ, ಎತ್ತರವೂ ಇಳಿಯುತ್ತದೆ. ಸುಬ್ಬಯ್ಯನಿಗೆ ಅರ್ಧ ದಿನದ ಕೆಲಸ, ಖರ್ಚು ಏನೂ ಇಲ್ಲ. ತೆಗೆಸಿಬಿಡಿ.

ರಜೆ ಸಿಕ್ಕಿದೆ. ಏಪ್ರಿಲ್ ಕಡೆಯಲ್ಲಿ ಬರುತ್ತೇನೆ.

ನಿಝಾಮ್


ಬಂಟ್ವಾಳ
24-3-1996

ಮಗ ನಿಝಾಮುದ್ದೀನ,

ಫಯಾಝ್ ಫೋನಿನಲ್ಲಿ ಹೇಳಿದ್ದಾನೆ, ಆದರೂ ನಾನು ಬರೆಯಬೇಕು. ಬುಧವಾರ ಬೆಳಗ್ಗೆ ರಶೀನಾಳಿಗೆ ಹೆಣ್ಣುಮಗು. ತುಂಬಿದ ತಿಂಗಳು, ತುಂಬಿದ ಮೈ. ಆಸ್ಪತ್ರೆಯ ದಾದಿ ಮಗುವನ್ನು ತಕ್ಕಡಿಯಲ್ಲಿಟ್ಟು, "ಒಳ್ಳೆಯ ತೂಕ ಉಂಟು" ಎಂದಾಗ ಆಸ್ಯ ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ. ಈ ಮನೆಯಲ್ಲಿ ಇನ್ನು ಯಾರೂ ತೂಕವನ್ನು ಹಗುರವಾಗಿ ಮಾತಾಡುವ ಹಾಗಿಲ್ಲ.

ರಶೀನಾ ಮಗುವನ್ನು ಕೆಳಗೆ ಇಡುವುದಿಲ್ಲ. ಮಲಗಿದರೂ ಎರಡೂ ಕೈ ಅದರ ಮೇಲೆ. ಡಾಕ್ಟರಮ್ಮ ಇನ್ನು ಹೆದರುವುದು ಏನೂ ಇಲ್ಲ ಎಂದಿದ್ದಾರೆ. ನಿನ್ನೆ ನಾನು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಸಂಜೆಯ ಅಸರ್ ಬಾಂಗಿಗೆ ಎದ್ದೆ. ಹಗಲು ಹೊತ್ತು ಹಾಗೆ ನಿದ್ದೆ ಬಂದು ಯಾವ ಕಾಲವಾಯಿತೋ.

ಆಸ್ಯ ಜನವರಿಯಲ್ಲಿ ಬಂದವಳು ಪೆರ್ನಾಲ್ ಹಬ್ಬಕ್ಕೆ ಎರಡು ದಿನ ಮೂಡುಬಿದಿರೆಗೆ ಹೋಗಿ ಬಂದದ್ದು ಬಿಟ್ಟರೆ ಇಲ್ಲಿಯೇ ಇದ್ದಾಳೆ. ಬಾಣಂತಿಗೆ ಕಷಾಯ ನಾನು ಮಾಡಿದರೆ ಕಹಿ ಸಾಲದು ಎನ್ನುತ್ತಾಳೆ. ಮಗುವಿಗೆ ಎಣ್ಣೆ ಅವಳು ತಿಕ್ಕಿದರೆ ಕೈ ಜೋರಾಯಿತು ಎಂದು ನಾನು ಹೇಳುತ್ತೇನೆ. ದಿನಕ್ಕೊಂದು ಜಗಳ ಆಗುತ್ತದೆ. ಊಟಕ್ಕೆ ಮಾತ್ರ ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಕೂರುವುದಿಲ್ಲ.

ಪ್ಲೇಟಿನ ವಿಷಯ. ಎರಡು ತೆಗೆಸಿಬಿಡಿ ಎಂದು ಬರೆದಿದ್ದೀ. ಸುಬ್ಬಯ್ಯನೂ ಹಾಗೆಯೇ ಹೇಳಿದ. ಗಾಡಿಯನ್ನು ಗ್ಯಾರೇಜಿಗೆ ಒಯ್ಯಲು ಫಯಾಝ್ ಹೊರಟವನನ್ನು ನಾನೇ ನಿಲ್ಲಿಸಿದೆ. ಲಾಭ ನಷ್ಟ ಎರಡನ್ನೂ ಕೂತು ನೋಡಿದೆ. ತೆಗೆಸಿದರೆ ನಾನೊಬ್ಬಳೇ ಸುಖವಾಗಿ ಹೋಗಿ ಬರಬಹುದು. ತೆಗೆಸದಿದ್ದರೆ ಎಲ್ಲಿಗೆ ಹೊರಟರೂ ನಾಲ್ಕು ಜನರನ್ನು ಕರೆಯಲೇಬೇಕು. ಈಗ ಗಾಡಿ ಹೊರಡುವುದೆಂದರೆ ಬೀಪಾತುಮ್ಮನಿಗೂ ಮೂಡುಬಿದಿರೆಯಲ್ಲಿರುವ ಆಸ್ಯಳ ಸೊಸೆಗೂ ಸುದ್ದಿ ಹೋಗುತ್ತದೆ. ಎಲ್ಲರಿಗೂ ಅವರವರ ಜಾಗ ಗೊತ್ತು. ಸದ್ಯಕ್ಕೆ ಪ್ಲೇಟು ಹಾಗೆಯೇ ಇರಲಿ ಎಂದು ಹೇಳಿದ್ದೇನೆ.

ನೀನು ಬಜ್ಪೆಯಲ್ಲಿ ವಿಮಾನ ಇಳಿದು ಹೊರಗೆ ಬಂದಾಗ, ನಿನ್ನನ್ನು ಕರೆದೊಯ್ಯಲು ಇಷ್ಟು ಜನ ಹೆಂಗಸರು ಯಾಕೆ ಬಂದಿದ್ದಾರೆ ಎಂದು ಎಲ್ಲರ ಎದುರು ಕೇಳಬೇಡ. ಅವರೆಲ್ಲ ಹಿಂದೆ ಕೂರುತ್ತಾರೆ. ನಿನ್ನ ಸಾಮಾನು ಏನಿದ್ದರೂ ಫಯಾಝ್ ಎತ್ತುತ್ತಾನೆ, ನೀನು ಮುಟ್ಟಬೇಡ. ನೀನು ಎದುರು ಸೀಟಿನಲ್ಲಿ ಬಾಗಿಲ ಬದಿ ಕೂರಬೇಕು. ನಾನು ನಡುವೆ ಕೂರುತ್ತೇನೆ.

ಉಮ್ಮ